ನಗಲು ಹೋಗುವ ಮುನ್ನ

ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿಯ ಸಮಾರಂಭವನ್ನು ಗೆಳೆಯರೆಲ್ಲ ಕೂಡಿ ನೋಡುವ ಯೋಚನೆಯಿದೆಯೇ? ನೇರಪ್ರಸಾರಕ್ಕಾಗಿ ನಿದ್ದೆಗೆಡುವುದು ಬೇಡ. ವಿಡಿಯೊವನ್ನು ಭಾನುವಾರ ಬಸವನಗುಡಿಯ ಯಾರದಾದರೂ ಮನೆಯ ಹಜಾರದಲ್ಲಿ ಹಾಕಿಕೊಳ್ಳಿ. ಆದರೆ ಕಾಫಿ, ಕೋಡುಬಳೆಯ ಏರ್ಪಾಟಿಗೂ ಮೊದಲು ಗೆದ್ದ ಒಂದಾದರೂ ಪ್ರಬಂಧದ ಸಾರವನ್ನು ಎಲ್ಲರಿಗೂ ಓದಿಸಿ. ನಮ್ಮೂರಿನದೇ ಇದೆಯಲ್ಲ! 2001ರಲ್ಲಿ ನಿಮ್ಹಾನ್ಸ್‌ನ ಚಿತ್ತರಂಜನ್ ಆಂಡ್ರಾಡೆ ಮತ್ತು ಬಿ.ಎಸ್. ಶ್ರೀಹರಿ ಅವರಿಗೆ ಈ ಪ್ರಶಸ್ತಿ ಬಂದದ್ದು ಹದಿಹರೆಯದವರು ಮೂಗಿನಲ್ಲಿ ಬೆರಳಾಡಿಸುವ ಅಭ್ಯಾಸದ ಅಧ್ಯಯನಕ್ಕೆ. ಬೆಂಗಳೂರಿನ ನಾಲ್ಕು ಶಾಲೆಗಳ 200 ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಪ್ಪಿಕೊಂಡರು. ಕೇಳಿದೊಡನೆ ನಗು ಬರುತ್ತದೆ, ಬರಲಿ. ಆದರೆ ಎಲ್ಲರೂ ಮಾಡುವ ಕೆಲಸ ಯಾವಾಗ ಕಾಯಿಲೆಯಾಗುತ್ತದೆ ಎಂದು ತಿಳಿಯಲು ವೈದ್ಯರು ಮೊದಲು ಸಾಮಾನ್ಯವೆಂದರೆ ಎಷ್ಟು ಎಂದು ಎಣಿಸಲೇಬೇಕು.

ಇದು ವಿಜ್ಞಾನದ ಲೇವಡಿ, ಮಕ್ಕಳನ್ನು ಕರೆತರುವುದು ಸರಿಯಲ್ಲ ಎನ್ನುವವರಿದ್ದಾರೆ. ಅವರ ಆತಂಕ ಅರ್ಥವಾಗುತ್ತದೆ. ಓದದೆ ನೋಡಿದರೆ ಉಳಿಯುವುದು ಲೇವಡಿಯೇ. ಆದರೆ ಕಪ್ಪೆಯನ್ನು ಆಯಸ್ಕಾಂತದಿಂದ ತೇಲಿಸಿ 2000ದಲ್ಲಿ ಇಗ್ ನೊಬೆಲ್ ಪಡೆದ ಆಂಡ್ರೆ ಗೈಮ್ 2010ರಲ್ಲಿ ಗ್ರಾಫೀನ್ ಸಂಶೋಧನೆಗೆ ನಿಜವಾದ ನೊಬೆಲನ್ನೇ ಹಂಚಿಕೊಂಡರು. ಅಲ್ಲದೆ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದ ಬಡಾವಣೆ ಈ ಬಸವನಗುಡಿ; ಇಲ್ಲಿ ಬರೀ ನಕ್ಕು ಏಳುವುದು ಸಲ್ಲದು. ವಿಡಿಯೊ ಮುಗಿದ ಮೇಲೆ ಪ್ರಶ್ನೆಗಳಿಗೆ ಅರ್ಧ ಗಂಟೆ ಮೀಸಲಿಡಿ, ಮೊದಲ ಪ್ರಶ್ನೆ ಮಕ್ಕಳದಾಗಲಿ.