ಸ್ವಂತ ಮಗಳಿಗೆ ಕುಮಾರಿ ಪೂಜೆ ಮಾಡಬಹುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ ನವರಾತ್ರಿಯ ಅಷ್ಟಮಿಯಂದು ಕುಮಾರಿ ಪೂಜೆ ಮಾಡುವ ಪದ್ಧತಿ ಇದೆ. ಪ್ರತಿ ವರ್ಷ ಅಪಾರ್ಟ್‌ಮೆಂಟಿನ ಬೇರೆ ಮನೆಯ ಮಗುವನ್ನು ಕರೆದು ಕೂರಿಸುತ್ತೇವೆ. ನನಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳಿಗೆ 11, ಚಿಕ್ಕವಳಿಗೆ 4 ವರ್ಷ. ಹೆತ್ತ ಮಗುವಿಗೆ ನಾವೇ ಪೂಜೆ ಮಾಡಬಾರದು ಅಂತ ನಮ್ಮತ್ತೆ ಹೇಳ್ತಾರೆ. ಮೂರು ವರ್ಷದಿಂದ ಸಂಕಲ್ಪದಲ್ಲಿ ‘ಪುತ್ರಸಂತಾನ’ಕ್ಕಾಗಿ ಅಂತ ಹೇಳಿಸುತ್ತಿದ್ದೇವೆ. ಹೋದ ವರ್ಷ ದೊಡ್ಡವಳು, “ಅಮ್ಮಾ, ನಾವಿಬ್ರೂ ಇದ್ದೀವಲ್ಲ, ಸಾಲದಾ?” ಅಂದುಬಿಟ್ಟಳು. ನನಗೆ ಉತ್ತರ ಹೊಳೆಯಲಿಲ್ಲ. ಮಾವನವರು ತೀರಿಕೊಂಡ ಮೇಲೆ ಅತ್ತೆ ಪೂಜೆಯ ಹೊತ್ತಿಗೆ ಕೋಣೆಯಿಂದ ಹೊರಗೆ ಬರುವುದೇ ಇಲ್ಲ. ಅವರಿಗೂ ನೋವಾಗದಂತೆ ಹೇಗೆ ನಡೆದುಕೊಳ್ಳಲಿ?
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಪ್ರಶ್ನೆ ಒಂದಲ್ಲ, ಮೂರಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಸ್ವಂತ ಮಗಳನ್ನು ಕೂರಿಸಬಹುದೇ ಎಂಬುದು. ಧಾರಾಳವಾಗಿ ಕೂರಿಸಬಹುದು. ದೇವೀಭಾಗವತದ ಮೂರನೆಯ ಸ್ಕಂಧದಲ್ಲಿ ನವರಾತ್ರಿಯ ಕುಮಾರಿ ಪೂಜೆಯ ವಿಧಾನ ಬರುತ್ತದೆ. ಎರಡರಿಂದ ಹತ್ತು ವರ್ಷದೊಳಗಿನ ಕನ್ಯೆಯರು ಪೂಜೆಗೆ ಯೋಗ್ಯರು. ಒಂದು ವರ್ಷದ ಮಗು ಬೇಡ, ಏಕೆಂದರೆ ಅದಕ್ಕೆ ಗಂಧದ ಪರಿಮಳವಾಗಲಿ ನೈವೇದ್ಯದ ರುಚಿಯಾಗಲಿ ಇನ್ನೂ ತಿಳಿಯದು. ನೋಡಿ, ಮಗುವಿಗೆ ಸಂತೋಷ ಆಗಬೇಕು ಎಂಬುದು ವಿಧಿಯಲ್ಲೇ ಸೇರಿದೆ. ಎರಡು ವರ್ಷದವಳು ಕುಮಾರಿಕಾ, ಮೂರು ತ್ರಿಮೂರ್ತಿ, ನಾಲ್ಕು ಕಲ್ಯಾಣೀ, ಐದು ರೋಹಿಣೀ, ಆರು ಕಾಲಿಕಾ, ಏಳು ಚಂಡಿಕಾ, ಎಂಟು ಶಾಂಭವೀ, ಒಂಬತ್ತು ದುರ್ಗಾ, ಹತ್ತು ಸುಭದ್ರಾ. ಹೆತ್ತವರು ತಮ್ಮ ಮಗಳನ್ನು ಪೂಜಿಸಕೂಡದು ಎಂಬ ನಿಷೇಧ ಅಲ್ಲಿಲ್ಲ. ನಿಮ್ಮ ಚಿಕ್ಕವಳು ಈ ವರ್ಷ ಕಲ್ಯಾಣಿ.

ಅತ್ತೆಯವರಿಗೆ ಇನ್ನೂ ಅನುಮಾನವಿದ್ದರೆ ಮದುವೆಮನೆಯನ್ನು ನೆನಪಿಸಿ. ಧಾರೆ ಎರೆಯುವಾಗ ಹೆತ್ತವರೇ ಮಗಳನ್ನು ಲಕ್ಷ್ಮೀಸ್ವರೂಪಿಣಿ ಎಂದು ಭಾವಿಸಿ ಒಪ್ಪಿಸಿಕೊಡುತ್ತಾರೆ. ಮನೆ ಬಿಟ್ಟು ಹೊರಡುವ ದಿನ ಲಕ್ಷ್ಮಿಯಾಗುವ ಮಗಳು, ಮನೆಯಲ್ಲಿ ಆಡಿಕೊಂಡಿರುವಾಗ ಲಕ್ಷ್ಮಿಯಲ್ಲವೇ? ದೇವಿಯನ್ನು ಹೈಮವತಿ, ಗಿರಿಜೆ, ದಾಕ್ಷಾಯಣಿ ಅಂತೆಲ್ಲ ಕರೆಯುತ್ತೇವಲ್ಲ, ಅವೆಲ್ಲ ಇಂಥವರ ಮಗಳು ಎಂದು ಹೇಳುವ ಹೆಸರುಗಳೇ. ಗೌರಿ ಹಬ್ಬದಲ್ಲಂತೂ ಅವಳು ತವರಿಗೆ ಬಂದ ಮಗಳಾಗಿಯೇ ನಮ್ಮ ಮನೆಗೆ ಬರುತ್ತಾಳೆ.

ದೊಡ್ಡವಳಿಗೆ 11 ತುಂಬಿದೆ. ದೇವೀಭಾಗವತದ ಲೆಕ್ಕದಲ್ಲಿ ಕೂರಿಸುವ ವಯಸ್ಸು ಮುಗಿಯಿತು. ತಂತ್ರಗ್ರಂಥಗಳನ್ನು ಅನುಸರಿಸುವ ಬಂಗಾಳದ ಕಡೆ 16 ವರ್ಷದವರೆಗೂ ಕುಮಾರಿಯರನ್ನು ಪೂಜಿಸುವ ಕ್ರಮವಿದೆ. ನಿಮ್ಮ ಮನೆಯ ರೂಢಿಯಲ್ಲಿ ಹತ್ತೇ ಮಿತಿಯಾಗಿದ್ದರೆ ಅವಳನ್ನು ಬದಿಗೆ ಸರಿಸಬೇಡಿ, ಪೂಜೆ ಮಾಡುವವಳನ್ನಾಗಿ ಮಾಡಿ. ದೀಪ ಅವಳೇ ಹಚ್ಚಲಿ, ತಂಗಿಯ ಕಾಲಿಗೆ ಅವಳೇ ನೀರು ಹಾಕಲಿ. ಋಗ್ವೇದದ ಹತ್ತನೆಯ ಮಂಡಲದ ದೇವೀಸೂಕ್ತ ನವರಾತ್ರಿಯಲ್ಲಿ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಅದರ ಋಷಿ ವಾಕ್ ಎಂಬಾಕೆ, ಅಂಭೃಣ ಮಹರ್ಷಿಯ ಮಗಳು. ಈ ಮಾತನ್ನು ದೊಡ್ಡವಳಿಗೆ ತಪ್ಪದೆ ಹೇಳಿ.

ಎರಡನೆಯದು ಸಂಕಲ್ಪ. ಮಕ್ಕಳಿಗಾಗಿ ದೇವರನ್ನು ಬೇಡುವುದು ತಪ್ಪಲ್ಲ. ಆದರೆ ಒಂದು ಹೆಣ್ಣುಮಗುವನ್ನು ಮಣೆಯ ಮೇಲೆ ಕೂರಿಸಿ, ದೇವಿ ಎಂದು ಕಾಲು ತೊಳೆದು, ಆ ಕಾಲು ಒರೆಸುವ ಮೊದಲೇ ‘ಇನ್ನು ಹೆಣ್ಣು ಬೇಡ’ ಎಂದು ಕೇಳಿಕೊಂಡರೆ ಅವಳು ಏನೆಂದುಕೊಂಡಾಳು? ಅದನ್ನು ನಿಮ್ಮ ಮಗಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಾಳೆ. ದಕ್ಷನ ಯಜ್ಞಕ್ಕೆ ಋಷಿಗಳ ಕೊರತೆ ಇರಲಿಲ್ಲ, ಹವಿಸ್ಸಿನ ಕೊರತೆಯೂ ಇರಲಿಲ್ಲ. ಮನೆಗೆ ಬಂದ ಮಗಳಿಗೆ ಮರ್ಯಾದೆ ಇರಲಿಲ್ಲ, ಅಷ್ಟಕ್ಕೇ ಯಜ್ಞ ಕೆಟ್ಟಿತು. ಸ್ತ್ರೀಯರನ್ನು ಪೂಜಿಸುವಲ್ಲಿ ದೇವತೆಗಳು ಇರುತ್ತಾರೆಂಬ ಮನುಸ್ಮೃತಿಯ ಮಾತು ಎಲ್ಲರ ಬಾಯಲ್ಲೂ ಇದೆ. ಪೂಜಿಸದ ಕಡೆ ಮಾಡಿದ ಕರ್ಮಗಳೆಲ್ಲ ನಿಷ್ಫಲ ಎಂದು ಅದೇ ಶ್ಲೋಕದ ಉತ್ತರಾರ್ಧ ಹೇಳುತ್ತದೆ. ಅದನ್ನು ನೆನೆಸಿಕೊಳ್ಳುವವರು ಕಡಿಮೆ.

ಹೆಣ್ಣೇ ಬೇಕು ಎಂದು ಬೇಡಿದವರೂ ನಮ್ಮಲ್ಲಿದ್ದರು. ಪಂಡಿತೆಯಾದ, ಪೂರ್ಣಾಯುಷ್ಯದ ಮಗಳು ಹುಟ್ಟಲಿ ಎಂದು ಬಯಸುವ ದಂಪತಿ ಎಳ್ಳು ಸೇರಿಸಿ ಬೇಯಿಸಿದ ಅನ್ನಕ್ಕೆ ತುಪ್ಪ ಹಾಕಿಕೊಂಡು ಉಣ್ಣಬೇಕೆಂದು ಬೃಹದಾರಣ್ಯಕ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿದೆ. ಅತ್ತೆಯವರ ಮನಸ್ಸಿನಲ್ಲಿ ಆಸ್ತಿ, ಶ್ರಾದ್ಧಗಳ ಚಿಂತೆ ಇದ್ದೀತು. ಮಗಳ ಮಗನಿಗೆ, ಅಂದರೆ ದೌಹಿತ್ರನಿಗೆ, ಶ್ರಾದ್ಧದ ಅಧಿಕಾರವನ್ನು ಧರ್ಮಶಾಸ್ತ್ರವೇ ಕೊಟ್ಟಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು 2005ರ ತಿದ್ದುಪಡಿ ಕಾಯ್ದೆ ಕೊಟ್ಟಿದೆ.

ಆದ್ದರಿಂದ ಈ ಸಲ ಪುರೋಹಿತರಿಗೆ ಮೊದಲೇ ತಿಳಿಸಿ, ಸಂಕಲ್ಪದಲ್ಲಿ ನಿಮ್ಮಿಬ್ಬರ ಹೆಸರಿನ ಜೊತೆಗೆ ಎರಡೂ ಹೆಣ್ಣುಮಕ್ಕಳ ನಕ್ಷತ್ರ, ಹೆಸರು ಹೇಳಿಸಿ. ಅವರ ಆಯುಸ್ಸು, ಆರೋಗ್ಯ, ವಿದ್ಯೆಗಾಗಿ ಪೂಜೆ ಎಂದು ಬಾಯಿಬಿಟ್ಟು ಹೇಳಲಿ. ‘ಸಾಲದಾ?’ ಎಂದ ಮಗುವಿಗೆ ಅದೇ ಉತ್ತರ.

ಪೂಜೆಯ ಕ್ರಮ ಸರಳ. ಬೆಳಿಗ್ಗೆ ಮಗುವಿಗೆ ಎಣ್ಣೆ ನೀರು ಹಾಕಿ, ರಂಗೋಲಿಯ ಮೇಲೆ ಮಣೆ ಇಟ್ಟು ಪೂರ್ವಾಭಿಮುಖವಾಗಿ ಕೂರಿಸಿ. ಗಂಡ ಹೆಂಡತಿ ಇಬ್ಬರೂ ಕೂತು ಹರಿವಾಣದಲ್ಲಿ ಅವಳ ಕಾಲು ತೊಳೆದು, ಒರೆಸಿ, ಅರಿಶಿನ ಕುಂಕುಮ ಹಚ್ಚಿ. ಗಂಧ, ಹೂವು, ಬಳೆ ಕೊಡಿ. ‘ಓಂ ಕಲ್ಯಾಣ್ಯೈ ನಮಃ’ ಎನ್ನುತ್ತ ಅಕ್ಷತೆ ಹಾಕಿ, ಆರತಿ ಎತ್ತಿ. ಕೋಸಂಬರಿ, ಪಾಯಸ, ಹಣ್ಣು, ಅವಳಿಗೆ ಇಷ್ಟವಾದ ಒಂದು ತಿಂಡಿ ಬಡಿಸಿ. ಹೊಸ ಲಂಗದ ಜೊತೆಗೆ ಒಂದು ಪುಸ್ತಕವೂ ಇರಲಿ. ಕೊನೆಗೆ ನಮಸ್ಕಾರ. ಕಾಲು ತೊಳೆದ ನೀರನ್ನು ಗಿಡದ ಬುಡಕ್ಕೆ ಹಾಕಿ. ಮಗು ನಡುವೆ ಎದ್ದು ಓಡಿದರೆ ಗದರಬೇಡಿ, ಅಷ್ಟು ಹೊತ್ತು ಅವಳು ದೇವಿ. ಬೇರೆ ಮನೆಯ ಮಕ್ಕಳನ್ನು ಕರೆಯುವುದನ್ನೂ ಬಿಡಬೇಡಿ. ಮನೆಕೆಲಸಕ್ಕೆ ಬರುವಾಕೆಗೆ ಮಗಳಿದ್ದರೆ ಅವಳನ್ನೂ ಕರೆಯಿರಿ. ಸ್ವಾಮಿ ವಿವೇಕಾನಂದರು 1898ರಲ್ಲಿ ಕಾಶ್ಮೀರದಲ್ಲಿ ಮುಸ್ಲಿಂ ದೋಣಿಯವನ ಪುಟ್ಟ ಮಗಳನ್ನು ಉಮೆಯೆಂದು ಪೂಜಿಸಿದ್ದರು.

ಮೂರನೆಯದು ನಿಮ್ಮ ಅತ್ತೆ. ಇದನ್ನು ನೀವು ಪ್ರಶ್ನೆಯಾಗಿ ಕೇಳಿಲ್ಲ, ಆದರೂ ಇದೇ ದೊಡ್ಡದು. ಇದು ಮುತ್ತೈದೆಯರ ಪೂಜೆಯಲ್ಲ, ಕುಮಾರಿಯ ಪೂಜೆ. ಅಜ್ಜಿ ಎದುರಿಗಿದ್ದರೆ ಇದಕ್ಕೆ ಯಾವ ಕುಂದೂ ಬರುವುದಿಲ್ಲ. ದಶಮಹಾವಿದ್ಯೆಗಳಲ್ಲಿ ಒಬ್ಬಳಾದ ಧೂಮಾವತಿ ವಿಧವೆಯ ರೂಪದಲ್ಲೇ ಇದ್ದಾಳೆ. ಜಗತ್ತಿನ ಸ್ತ್ರೀಯರೆಲ್ಲ ನಿನ್ನ ರೂಪವೇ ಎಂದು ದೇವೀಮಾಹಾತ್ಮ್ಯದ ಹನ್ನೊಂದನೆಯ ಅಧ್ಯಾಯದಲ್ಲಿ ದೇವತೆಗಳು ಸ್ತುತಿಸುವಾಗ ಯಾರನ್ನೂ ಹೊರಗಿಟ್ಟಿಲ್ಲ. ಹೆಣ್ಣಾಗಿ ತಾವು ಕೋಣೆಯೊಳಗೆ ಕೂರಬೇಕಾಗಿ ಬಂದವರು ಮನೆಗೊಂದು ಗಂಡು ಬೇಕು ಎಂದರೆ ಅದರಲ್ಲಿ ಅವರ ತಪ್ಪನ್ನಷ್ಟೇ ನೋಡಬೇಡಿ.

ಅಷ್ಟಮಿಯ ಬೆಳಿಗ್ಗೆ ನಿಮ್ಮ ಯಜಮಾನರೇ ಹೋಗಿ, “ಅಮ್ಮಾ, ಮೊದಲ ಆರತಿ ನೀನೇ ಎತ್ತಬೇಕು” ಎಂದು ಕೈಹಿಡಿದು ಕರೆತರಲಿ. ಸೊಸೆ ಕರೆಯುವುದಕ್ಕಿಂತ ಮಗ ಕರೆದರೆ ಅವರ ಅಂಜಿಕೆ ಬೇಗ ಬಿಟ್ಟೀತು. ಬರಲಾರೆ ಎಂದರೆ ವಾದ ಬೇಡ. ಪೂಜೆ ಮುಗಿದ ಮೇಲೆ ಎರಡೂ ಮಕ್ಕಳನ್ನು ಅವರ ಕೋಣೆಗೇ ಕಳಿಸಿ. ಮೊಮ್ಮಕ್ಕಳು ಅಜ್ಜಿಯ ಕಾಲಿಗೆ ಬೀಳಲಿ, ಹೂವು, ಪ್ರಸಾದ ಕೊಡಲಿ. ಮುಂದಿನ ವರ್ಷ ಮತ್ತೆ ಕರೆಯಿರಿ.

ಶುಭವಾಗಲಿ.