ಸೊಂಟದ ಪಿಸ್ತೂಲು, ಹೋಲ್‌ಸ್ಟರ್ ಮತ್ತು ಒಂದು ಡಿಸೈನ್ ಪಾಠ

ಸೊಂಟದಲ್ಲಿ ಪಿಸ್ತೂಲು, ಅದರ ಮೇಲೆ ಇಳಿಬಿಟ್ಟ ಅಂಗಿ. ಅಮೆರಿಕದಲ್ಲಿ ಹೀಗೆ ದಿನಸಿ ತರಲು ಹೋಗುವವರೂ ಇದ್ದಾರೆ. ಇದಕ್ಕೆ ಅಲ್ಲಿ 'ಕನ್ಸೀಲ್ಡ್ ಕ್ಯಾರಿ' ಅಂತಾರೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇದಕ್ಕೆ ಪರ್ಮಿಟ್ಟೂ ಬೇಕಿಲ್ಲ. ಈ ಪದ್ಧತಿ ಸರಿಯೇ ತಪ್ಪೇ ಎಂಬ ವಾದ ದೊಡ್ಡದು, ಅದನ್ನು ಡಿಬೇಟ್ ಕ್ಲಬ್ಬಿಗೆ ಬಿಡೋಣ. ಹಾಗೆ ಒಯ್ಯುವವರು ಹೋಲ್‌ಸ್ಟರ್, ಬೆಲ್ಟ್ ಆರಿಸುವುದು ಹೇಗೆ ಅನ್ನೋದು ಮಾತ್ರ ನಮ್ಮ ಸಿಲಬಸ್ಸಿಗೆ ಹತ್ತಿರದ ಪ್ರಶ್ನೆ. ಅದನ್ನಿಷ್ಟು ಬಿಡಿಸಿ ನೋಡೋಣ.

ಮೊದಲು ಒಂದು ಕೇಸ್ ಸ್ಟಡಿ

ಪ್ಲ್ಯಾಕ್ಸಿಕೋ ಬರೆಸ್ ಎಂಬವರು ಆಗ ನ್ಯೂಯಾರ್ಕ್ ಜೈಂಟ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟಗಾರರಾಗಿದ್ದರು. 2008ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆಲ್ಲಿಸಿಕೊಟ್ಟ ಟಚ್‌ಡೌನ್ ಅವರದೇ. ಅದೇ ವರ್ಷ ನವೆಂಬರ್‌ನಲ್ಲಿ ಅವರು ಮ್ಯಾನ್‌ಹ್ಯಾಟನ್‌ನ ಒಂದು ನೈಟ್‌ಕ್ಲಬ್ಬಿಗೆ ಹೋದಾಗ ಗ್ಲಾಕ್ ಪಿಸ್ತೂಲನ್ನು ಹೋಲ್‌ಸ್ಟರ್ ಇಲ್ಲದೆ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಅದು ಕಾಲಿನ ಕಡೆಗೆ ಜಾರಿತು. ಹಿಡಿಯಲು ಕೈ ಹಾಕಿದಾಗ ಗುಂಡು ಹಾರಿ ಅವರದೇ ತೊಡೆಗೆ ಬಿತ್ತು. ನ್ಯೂಯಾರ್ಕಿನ ಲೈಸೆನ್ಸ್ ಕೂಡ ಇರಲಿಲ್ಲ. 2009ರಲ್ಲಿ ಎರಡು ವರ್ಷ ಜೈಲು ಶಿಕ್ಷೆಯಾಯಿತು.

ಪಿಸ್ತೂಲು ಕೆಟ್ಟಿತ್ತಾ? ಇಲ್ಲ. ಗ್ಲಾಕ್‌ನಲ್ಲಿ ಮೂರು ಸೇಫ್ಟಿಗಳಿವೆ: ಟ್ರಿಗರ್‌ನ ಮಧ್ಯದಲ್ಲಿ ಒಂದು ಪುಟ್ಟ ಲಿವರ್, ಒಳಗೆ ಫೈರಿಂಗ್ ಪಿನ್ ತಡೆಯುವುದು ಒಂದು, ಕೆಳಗೆ ಬಿದ್ದರೂ ಹಾರದಂತೆ ನೋಡಿಕೊಳ್ಳುವುದು ಇನ್ನೊಂದು. ಆದರೆ ಟ್ರಿಗರ್ ಒತ್ತಿದಾಗ ಮೂರೂ ಒಂದರ ಹಿಂದೊಂದು ಬಿಟ್ಟುಕೊಡುತ್ತವೆ. ಒತ್ತಿದ್ದು ಬೇಕೆಂದೇ ಇಟ್ಟ ಬೆರಳೋ, ಅಂಗಿಯ ಅಂಚೋ, ಜಾಕೆಟ್ಟಿನ ದಾರದ ತುದಿಯ ಪ್ಲಾಸ್ಟಿಕ್ ಗುಂಡೋ ಅಂತ ಯಂತ್ರಕ್ಕೆ ಗೊತ್ತಾಗಲ್ಲ. ಹಾಗಾಗಿ ಟ್ರಿಗರನ್ನು ಹೊರಗಿನಿಂದ ಮುಚ್ಚುವ ಹೋಲ್‌ಸ್ಟರ್ ಈ ಸುರಕ್ಷತಾ ವ್ಯವಸ್ಥೆಯ ನಾಲ್ಕನೇ ಭಾಗ. ಅಂಗಡಿಯಲ್ಲಿ ಅದನ್ನು ಆಕ್ಸೆಸರಿ ಅಂತ ಮಾರುತ್ತಾರೆ ಅಷ್ಟೇ.

ಹೋಲ್‌ಸ್ಟರ್‌ಗೆ ನಾಲ್ಕು ಪ್ರಶ್ನೆ

ಒಂದು, ಟ್ರಿಗರ್ ಗಾರ್ಡ್ ಎರಡೂ ಕಡೆ ಪೂರ್ತಿ ಮುಚ್ಚುತ್ತಾ? ಹೊರಗಿನಿಂದ ಬೆರಳಲ್ಲಿ ಅದುಮಿದರೂ ಒತ್ತಡ ಟ್ರಿಗರ್‌ಗೆ ತಲುಪಬಾರದು. ತೆಳು ಬಟ್ಟೆಯ ಹೋಲ್‌ಸ್ಟರ್ ಇಲ್ಲೇ ಫೇಲ್.

ಎರಡು, ಪಿಸ್ತೂಲನ್ನು ಹಿಡಿದಿಡುತ್ತಾ? ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಇದೆ ಅಂತ ಕಣ್ಣಾರೆ ನೋಡಿ, ಹೋಲ್‌ಸ್ಟರ್‌ಗೆ ಹಾಕಿ, ಮೆತ್ತನೆ ಹಾಸಿಗೆಯ ಮೇಲೆ ತಲೆಕೆಳಗು ಹಿಡಿದು ಅಲುಗಾಡಿಸಬೇಕು. ಬೀಳಬಾರದು.

ಮೂರು, ಪಿಸ್ತೂಲು ತೆಗೆದ ಮೇಲೂ ಬಾಯಿ ತೆರೆದೇ ಇರುತ್ತಾ? ಬಾಯಿ ಮುಚ್ಚಿಕೊಂಡರೆ ವಾಪಸ್ ಹಾಕುವಾಗ ಇನ್ನೊಂದು ಕೈಯಿಂದ ಬಿಡಿಸಬೇಕು, ಆಗ ಆ ಕೈ ನಳಿಕೆಯ ಮುಂದೆ ಬರುತ್ತದೆ. ಹಳೆಯ ಚರ್ಮದ ಹೋಲ್‌ಸ್ಟರ್ ಮೆತ್ತಗಾಗಿ ಅಂಚು ಒಳಕ್ಕೆ ಮಡಚಿದರೆ ಅದೇ ಮಡಿಕೆ ಟ್ರಿಗರ್ ಒತ್ತಬಲ್ಲದು. ಆದ್ದರಿಂದಲೇ ಈಗ ಕೈಡೆಕ್ಸ್ ಜನಪ್ರಿಯ. ಇದು ಅಕ್ರಿಲಿಕ್ ಮತ್ತು ಪಿವಿಸಿ ಸೇರಿದ ಥರ್ಮೋಪ್ಲಾಸ್ಟಿಕ್. ಬಿಸಿ ಮಾಡಿದಾಗ ಬಗ್ಗುತ್ತದೆ, ತಣ್ಣಗಾದಾಗ ಆ ಮಾಡೆಲ್‌ನ ಅಚ್ಚಿನ ಆಕಾರದಲ್ಲೇ ಗಟ್ಟಿಯಾಗುತ್ತದೆ. ಚರ್ಮ ಮೈಗೆ ಹಿತ, ಕೈಡೆಕ್ಸ್ ಆಕಾರ ಬಿಡುವುದಿಲ್ಲ. ಚರ್ಮವೇ ಬೇಕೆಂದರೆ ಬಾಯಿಗೆ ಗಟ್ಟಿ ಪಟ್ಟಿ ಇರಬೇಕು, ಸವೆದಾಗ ಬದಲಿಸಬೇಕು.

ನಾಲ್ಕು, ಕ್ಲಿಪ್ ಬೆಲ್ಟಿಗೆ ಭದ್ರವಾಗಿ ಕಚ್ಚುತ್ತಾ? ಇಲ್ಲದಿದ್ದರೆ ಎಳೆದಾಗ ಪಿಸ್ತೂಲಿನ ಜೊತೆ ಹೋಲ್‌ಸ್ಟರೂ ಕಿತ್ತು ಬರುತ್ತದೆ.

ಇಷ್ಟೆಲ್ಲ ಇದ್ದರೂ ವಾಪಸ್ ಹಾಕುವ ಗಳಿಗೆಯೇ ಹೆಚ್ಚು ಅಪಾಯದ್ದು. ಬೆರಳು ಟ್ರಿಗರ್‌ನಿಂದ ದೂರ, ಅಂಗಿ ಪೂರ್ತಿ ಮೇಲೆ, ಕಣ್ಣು ಹೋಲ್‌ಸ್ಟರ್ ಬಾಯಿಯ ಮೇಲೆ, ಅವಸರವಿಲ್ಲ. ಹೊಟ್ಟೆಯ ಮುಂಭಾಗದಲ್ಲಿ ಇಟ್ಟುಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ನಳಿಕೆಯ ಮುಂದೆ ಇರುವುದು ತೊಡೆಯ ದೊಡ್ಡ ರಕ್ತನಾಳ.

ಬೆಲ್ಟ್: ಸ್ಟ್ಯಾಟಿಕ್ಸ್ ನೆನಪಿದೆಯಾ?

ಗುಂಡು ತುಂಬಿದ ಗ್ಲಾಕ್ 19 ಸುಮಾರು 850 ಗ್ರಾಂ ತೂಗುತ್ತದೆ. ಮ್ಯಾಗಜಿನ್ ಇರುವ ಹಿಡಿ ಬೆಲ್ಟಿಗಿಂತ ಮೇಲಿರುತ್ತದೆ, ನಳಿಕೆ ಕೆಳಗೆ. ಮೇಲಿನ ಭಾರ ಹೊರಕ್ಕೆ ವಾಲಿಸುವ ಮೊಮೆಂಟ್ ಕೊಡುತ್ತದೆ. ನಾವು ಹಾಕುವಂಥ ತೆಳು ಬೆಲ್ಟ್ ಅದಕ್ಕೆ ತಿರುಚಿಕೊಳ್ಳುತ್ತದೆ, ಹಿಡಿ ಅಂಗಿಯಲ್ಲಿ ಉಬ್ಬಿ ಕಾಣುತ್ತದೆ. ಆಗ ಮನುಷ್ಯ ದಿನವಿಡೀ ಅದನ್ನು ಮುಟ್ಟಿ ಸರಿಮಾಡಿಕೊಳ್ಳುತ್ತಾನೆ, ಅದೇ ಹೊಸ ಅಪಾಯ. ಪರಿಹಾರ: ಎರಡು ಪದರದ ಚರ್ಮ ಅಥವಾ ಒಳಗೆ ಗಟ್ಟಿ ಪಟ್ಟಿ ಇರುವ, ಸುಮಾರು 38 ಮಿಲಿಮೀಟರ್ ಅಗಲದ ಬೆಲ್ಟ್. ಜೊತೆಗೆ ನಳಿಕೆಯ ಕಡೆ ಒಂದು ಸಣ್ಣ ಫೋಮ್ ತುಂಡು ಅಂಟಿಸಿದರೆ ಅದು ನಳಿಕೆಯನ್ನು ಮೈಯಿಂದ ಹೊರಕ್ಕೆ ತಳ್ಳುತ್ತದೆ. ಬೆಲ್ಟ್ ಫಲ್‌ಕ್ರಮ್ ಆಗಿ, ಹಿಡಿ ಒಳಕ್ಕೆ ವಾಲುತ್ತದೆ. ಲಿವರ್‌ನ ತತ್ವ, ಅಷ್ಟೇ.

ಬ್ಯಾಗಲ್ಲಿ ಇಟ್ಟರೆ?

ಮೈಮೇಲೆ ಹೊರುವ ಕಷ್ಟವೇ ಬೇಡ ಅನಿಸಬಹುದು. 2014ರ ಡಿಸೆಂಬರ್‌ನಲ್ಲಿ ಐಡಹೋ ರಾಜ್ಯದ ಹೇಡನ್ ಊರಿನ ಅಂಗಡಿಯೊಂದರಲ್ಲಿ ಒಬ್ಬ ತಾಯಿಯ ಬ್ಯಾಗ್ ಶಾಪಿಂಗ್ ಗಾಡಿಯಲ್ಲಿತ್ತು. ಪಿಸ್ತೂಲು ಇಡಲೆಂದೇ ಜಿಪ್ ಇರುವ ಖಾನೆ ಮಾಡಿದ್ದ ಬ್ಯಾಗ್ ಅದು. ಎರಡು ವರ್ಷದ ಮಗ ಖಾನೆಗೆ ಕೈ ಹಾಕಿದ, ಗುಂಡು ಹಾರಿತು, ತಾಯಿ ಸತ್ತರು. ಮೈಮೇಲಿದ್ದರೆ ಯಾರದ್ದಾದರೂ ಕೈ ತಾಗಿದಾಗ ಗೊತ್ತಾಗುತ್ತದೆ, ಪಕ್ಕದಲ್ಲಿಟ್ಟ ಬ್ಯಾಗಿಗೆ ಆ ಸೆನ್ಸರ್ ಇಲ್ಲ. ಮನೆಗೆ ಬಂದು ಸೊಂಟದಿಂದ ತೆಗೆದ ಮೇಲೂ ಇದೇ ಸಮಸ್ಯೆ. ಆದ್ದರಿಂದ ಬೀಗವಿರುವ ಪೆಟ್ಟಿಗೆಯೂ ಗೇರ್ ಪಟ್ಟಿಗೆ ಸೇರುತ್ತದೆ. ಬಜೆಟ್ಟಿನಲ್ಲಿ ಅದನ್ನು ಕೊನೆಗೆ ತಳ್ಳಬಾರದು.

ಎಂ.ಎಸ್.ಗೆ ಹೊರಡುವವರಿಗೆ

ಟೆಕ್ಸಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 2016ರ ಆಗಸ್ಟ್‌ನಿಂದ ಲೈಸೆನ್ಸ್ ಇರುವವರು ಕ್ಯಾಂಪಸ್ಸಿಗೂ ಪಿಸ್ತೂಲು ತರಬಹುದು, ಕೆಲವು ಜಾಗಗಳನ್ನು ಬಿಟ್ಟು. ನಮ್ಮ ಸೀನಿಯರ್‌ಗಳಿಗೆ ಗೊತ್ತಿರಬೇಕಾದ್ದು ಇನ್ನೊಂದು: ಎಫ್-1 ವೀಸಾದಲ್ಲಿ ಇರುವವರು ಬಂದೂಕು ಅಥವಾ ಗುಂಡು ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಷ್ಟೇ ಇವೆ. ರೂಮ್‌ಮೇಟ್ ಹತ್ತಿರ ಇದ್ದರೆ 'ಒಂದ್ಸಲ ಕೊಡು ಗುರು' ಅನ್ನುವ ಮೊದಲು ಇದು ನೆನಪಿರಲಿ. ಅವನು ಅದನ್ನು ಎಲ್ಲಿ ಬೀಗ ಹಾಕಿಡುತ್ತಾನೆ ಅಂತ ಕೇಳುವುದರಲ್ಲಿ ಮಾತ್ರ ಸಂಕೋಚ ಬೇಡ.

ಅಭ್ಯಾಸ

ಎಫ್.ಎಂ.ಇ.ಎ. ಹಾಳೆ ತೆಗೆದುಕೊಳ್ಳಿ. ಮೇಲಿನ ಎರಡು ಘಟನೆಗಳಿಗೂ ಸಿವಿಯಾರಿಟಿ, ಅಕರೆನ್ಸ್, ಡಿಟೆಕ್ಷನ್ ಅಂಕ ಕೊಡಿ. ಸಿವಿಯಾರಿಟಿ 10ರಿಂದ ಇಳಿಯುವುದೇ ಇಲ್ಲ, ಗುಂಡು ಗುಂಡೇ. ಹಾಗಾದರೆ ಹೋಲ್‌ಸ್ಟರ್, ಬೆಲ್ಟ್, ಪೆಟ್ಟಿಗೆ ಒಂದೊಂದೂ ಉಳಿದ ಎರಡರಲ್ಲಿ ಯಾವ ಅಂಕವನ್ನು ಎಷ್ಟು ಇಳಿಸುತ್ತದೆ? ಯಾವುದನ್ನು ಮೊದಲು ಕೊಳ್ಳಬೇಕು ಅನ್ನುವ ಪ್ರಶ್ನೆಗೂ ಉತ್ತರ ಆ ಹಾಳೆಯಲ್ಲೇ ಸಿಗುತ್ತದೆ.