ದೂರದ ಗಿರಾಕಿಗೆ ಕಲಾಕೃತಿ ಮಾರುವಾಗ: ಮಾಡಬೇಕಾದ್ದು, ಮಾಡಬಾರದ್ದು

ಕಾಪು, ಕಟಪಾಡಿ, ಶಿರ್ವ, ಉಡುಪಿ, ಮಣಿಪಾಲ, ಕಾರ್ಕಳದ ಚಿತ್ರ ಕಲಾವಿದರು, ಶಿಲ್ಪಿಗಳು, ಕಾವಿ ಕಲೆಯವರು, ಮರದ ಕೆತ್ತನೆಯವರು ಗಮನಿಸಿ. ಮುಖ ಕಾಣದ ಗಿರಾಕಿ ವಾಟ್ಸಾಪಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಕೃತಿ ಕೇಳಿದರೆ ಉತ್ತರ ಕೊಡುವ ಮುಂಚೆ ಇದನ್ನು ಓದಿ.

ತಪ್ಪಿದರೆ ಕೃತಿ ಹೋಗುತ್ತದೆ, ಹಣ ಬರುವುದಿಲ್ಲ, ಖಾತೆಯಲ್ಲಿ ಇದ್ದದ್ದೂ ಹೋಗುತ್ತದೆ. ವಿದೇಶದಲ್ಲಿ ಕುಳಿತ ಮೋಸಗಾರನಿಂದ ಅದನ್ನು ವಾಪಸು ತರಿಸುವುದು ಬಹುತೇಕ ಆಗದ ಕೆಲಸ.

ಮಾಡಬೇಕಾದ್ದು

ಗಿರಾಕಿಯ ಪೂರ್ತಿ ಹೆಸರು, ವಿಳಾಸ, ಫೋನ್ ಸಂಖ್ಯೆಯನ್ನು ಬರಹದಲ್ಲಿ ತರಿಸಿಕೊಳ್ಳಿ.

ವಿಡಿಯೋ ಕರೆಯಲ್ಲಿ ಮುಖ ನೋಡಿ ಮಾತಾಡಿ.

ಗ್ಯಾಲರಿಯಿಂದ ಪತ್ರ ಬಂದರೆ ಅದರ ಫೋನ್ ಸಂಖ್ಯೆಯನ್ನು ನೀವೇ ಹುಡುಕಿ ಕರೆ ಮಾಡಿ. ಪತ್ರದಲ್ಲಿರುವ ಸಂಖ್ಯೆ ಲೆಕ್ಕಕ್ಕಿಲ್ಲ.

ಆ ಗ್ಯಾಲರಿಯಲ್ಲಿ ಈ ಹಿಂದೆ ಕೃತಿ ಇಟ್ಟ ಇಬ್ಬರು ಕಲಾವಿದರನ್ನು ವಿಚಾರಿಸಿ. ಒಂದೇ ಪ್ರಶ್ನೆ ಸಾಕು: ಮಾರಾಟವಾದ ಮೇಲೆ ಹಣ ಎಷ್ಟು ದಿನಕ್ಕೆ ಕೈಗೆ ಬಂತು? ಬೆಂಗಳೂರಿನ ಚಿತ್ರಸಂತೆಗೆ ಹೋಗಿಬರುವ ನಮ್ಮ ಕಡೆಯವರಲ್ಲಿ ಯಾರಿಗಾದರೂ ಉತ್ತರ ಗೊತ್ತಿರುತ್ತದೆ.

ಫೋಟೋ ಕಳಿಸುವಾಗ ಸಣ್ಣ ಗಾತ್ರದ್ದನ್ನೇ ಕಳಿಸಿ, ಮೇಲೆ ನಿಮ್ಮ ಹೆಸರು ಹಾಕಿ.

ಬೆಲೆ, ಪ್ಯಾಕಿಂಗ್, ಸಾಗಾಟ, ವಿಮೆ, ತೆರಿಗೆ, ಇವನ್ನು ಬೇರೆ ಬೇರೆ ಬರೆದು ಒಪ್ಪಿಗೆ ಪಡೆಯಿರಿ.

ಹೇಳಿ ಮಾಡಿಸುವ ಕೃತಿಗೆ ಅರ್ಧ ಹಣ ಮುಂಗಡ ತೆಗೆದುಕೊಳ್ಳಿ.

ಪೂರ್ತಿ ಹಣ ಖಾತೆಗೆ ಜಮೆಯಾಗಿದೆಯೇ ಎಂದು ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲೋ ಪಾಸ್‌ಬುಕ್‌ನಲ್ಲೋ ನೀವೇ ನೋಡಿ. ಆಮೇಲೆ ಕೃತಿಯನ್ನು ಮನೆಯಿಂದ ಹೊರಗೆ ಕಳಿಸಿ.

ಹೇಳಿ ಮಾಡಿಸುವ ಚಿತ್ರಕ್ಕೆ ಕೃತಿಸ್ವಾಮ್ಯ ಯಾರದೆಂದು ಕುಂಚ ಹಿಡಿಯುವ ಮುಂಚೆ ಬರೆಸಿಕೊಳ್ಳಿ. ಬಹಳ ಮಂದಿ ಎಡವುವುದು ಇಲ್ಲೇ. ನೀವಾಗಿ ಬಿಡಿಸಿ ಮಾರಿದ ಚಿತ್ರದ ಕೃತಿಸ್ವಾಮ್ಯ ನಿಮ್ಮಲ್ಲೇ ಉಳಿಯುತ್ತದೆ, ಕೊಂಡವರಿಗೆ ಸಿಗುವುದು ಚಿತ್ರ ಮಾತ್ರ. ಆದರೆ ಹಣ ಕೊಟ್ಟು ಹೇಳಿ ಮಾಡಿಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರೇ ಕೃತಿಸ್ವಾಮ್ಯದ ಮೊದಲ ಒಡೆಯರು ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು. ಅದೇ ಚಿತ್ರವನ್ನು ಅವರು ಕ್ಯಾಲೆಂಡರಿಗೆ ಅಚ್ಚು ಹಾಕಿಸಿದರೆ ಕೇಳುವ ಹಕ್ಕು ನಿಮಗೆ ಇರುವುದಿಲ್ಲ. ಒಂದು ಸಾಲಿನ ಬರಹ, ಇಬ್ಬರ ಸಹಿ, ಇಷ್ಟಿದ್ದರೆ ಹಕ್ಕು ಉಳಿಯುತ್ತದೆ.

ಹಕ್ಕನ್ನೂ ಮಾರುವುದಾದರೆ ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ ಎಂದು ಬರೆಯಿರಿ. ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷಕ್ಕೆ, ಭಾರತಕ್ಕೆ ಮಾತ್ರ ಎಂದು ಎಣಿಸುತ್ತದೆ.

ಗ್ಯಾಲರಿಗೆ ಮಾರಾಟಕ್ಕಾಗಿ ಇಡಲು ಕೊಟ್ಟರೆ, ಕೊಟ್ಟ ಪ್ರತಿ ಕೃತಿಯ ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ. ಹೆಸರು, ಅಳತೆ, ಮಾಧ್ಯಮ, ಬೆಲೆ, ಫೋಟೋ ಅದರಲ್ಲಿರಲಿ.

ಅದೇ ಕಾಗದದಲ್ಲಿ ಕಮಿಷನ್ ಎಷ್ಟೆಂದು ಬರೆಸಿ. ನೂರಕ್ಕೆ 30ರಿಂದ 50ರವರೆಗೆ ಕೇಳುವುದುಂಟು. ರಿಯಾಯಿತಿ ಕೊಟ್ಟರೆ ಅದು ಯಾರ ಪಾಲಿನಿಂದ ಎಂಬುದನ್ನೂ ಬರೆಸಿ.

ಮಾರಾಟವಾದ ಎಷ್ಟು ದಿನದೊಳಗೆ ಹಣ, ಮಾರಾಟವಾಗದಿದ್ದರೆ ಯಾವ ದಿನಾಂಕಕ್ಕೆ ಯಾರ ಖರ್ಚಿನಲ್ಲಿ ವಾಪಸು ಎಂದು ಬರೆಸಿ.

ಹಣ ಪೂರ್ತಿ ಸಲ್ಲುವವರೆಗೆ ಕೃತಿ ನಿಮ್ಮದೇ ಎಂಬ ಸಾಲು ಸೇರಿಸಿ. ಗ್ಯಾಲರಿ ಮುಚ್ಚಿದರೆ, ಅದಕ್ಕೆ ಸಾಲ ಕೊಟ್ಟವರು ಬಾಗಿಲಿಗೆ ಬಂದರೆ ನಿಮ್ಮ ಕೃತಿಯನ್ನು ಕಾಯುವುದು ಆ ಒಂದೇ ಸಾಲು.

ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ನೋಂದಾಯಿತ ಸಣ್ಣ ಉದ್ದಿಮೆಯಿಂದ ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ.

ಕೊಂಡವರ ಹೆಸರು, ವಿಳಾಸ ಬರೆದಿಡಿ. ನಿಮ್ಮ ಮೂಲ ಚಿತ್ರ ಮುಂದೆ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಅದರಲ್ಲಿ ಪಾಲು ಕೇಳುವ ಹಕ್ಕು ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಲ್ಲಿದೆ. ಯಾರ ಬಳಿ ಇದೆಯೆಂದೇ ಗೊತ್ತಿಲ್ಲದಿದ್ದರೆ ಕೇಳುವುದು ಯಾರನ್ನು?

ಎಣ್ಣೆಬಣ್ಣ ಪೂರ್ತಿ ಒಣಗಿದ ಮೇಲೆ ಮಾತ್ರ ಕಟ್ಟಿ.

ಚಿತ್ರದ ಮೇಲೆ ಮೊದಲು ಬಟರ್ ಪೇಪರ್ ಹಾಕಿ. ಬಬಲ್ ರ‍್ಯಾಪ್ ಅದರ ಮೇಲೆ ಬರಲಿ. ನೇರ ತಾಗಿದರೆ ಬಣ್ಣದ ಮೇಲೆ ಗುಳ್ಳೆಯ ಗುರುತು ಬೀಳುತ್ತದೆ.

ಗಾಜು ತೆಗೆದು ಅಕ್ರಿಲಿಕ್ ಹಾಳೆ ಕೂರಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಕಡಲ ಬದಿಯ ನಮ್ಮ ಮಳೆಗಾಲದ ತೇವಕ್ಕೆ ಕ್ಯಾನ್ವಾಸ್ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ.

ವಿದೇಶಕ್ಕೆ ಪ್ಲೈವುಡ್ ಪೆಟ್ಟಿಗೆ ಬಳಸಿ. ಸಾದಾ ಮರದ ಹಲಗೆಯ ಪೆಟ್ಟಿಗೆಗೆ ಶಾಖ ಕೊಟ್ಟ ಮುದ್ರೆ ಇಲ್ಲದಿದ್ದರೆ ಅಲ್ಲಿನ ಬಂದರಿನಲ್ಲೇ ತಡೆಯುತ್ತಾರೆ.

ಪ್ಯಾಕಿಂಗ್‌ನ ಪ್ರತಿ ಹಂತದ ಫೋಟೋ ತೆಗೆಯಿರಿ. ವಿಮೆ ಕೇಳುವಾಗ ಅದೇ ಸಾಕ್ಷಿ.

ಪೂರ್ತಿ ಬೆಲೆಗೆ ಸಾಗಾಟ ವಿಮೆ ಮಾಡಿಸಿ.

ಕಲ್ಲಿನ ಕೆಲಸವಾದರೆ ಸಾಗಾಟ ಯಾರ ತಲೆಗೆ ಎಂದು ಉಳಿ ಹಿಡಿಯುವ ಮುಂಚೆ ತೀರ್ಮಾನಿಸಿ. ರೆಂಜಾಳ ಗೋಪಾಲ ಶೆಣೈ ಅವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಒಯ್ದದ್ದು ಕೆತ್ತನೆಯಷ್ಟೇ ದೊಡ್ಡ ಕೆಲಸವಾಗಿತ್ತು. ಆಳೆತ್ತರದ ವಿಗ್ರಹಕ್ಕೂ ಕ್ರೇನ್ ಬೇಕು, ಲಾರಿ ಬೇಕು, ಇಳಿಸುವ ಕಡೆ ಜನ ಬೇಕು.

ವಿದೇಶಕ್ಕೆ ಮಾರುವ ಮುಂಚೆ ಐಇಸಿ (ಆಮದು-ರಫ್ತು) ಸಂಖ್ಯೆ ಮಾಡಿಸಿಕೊಳ್ಳಿ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದಲ್ಲಿ ಉಳಿದ ಕಾಗದಪತ್ರ ಕೇಳಿ ತಿಳಿಯಿರಿ.

ಹಳೆಯದರಂತೆ ಕಾಣುವ ಹೊಸ ವಿಗ್ರಹ, ಮುಖವಾಡಗಳಿಗೆ ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಿರಿ. ಇಲ್ಲದಿದ್ದರೆ ಕಸ್ಟಮ್ಸ್‌ನವರು ಹಿಡಿದಿಡುತ್ತಾರೆ.

ಮಾಡಬಾರದ್ದು

ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಬಾರದು.

ಹಣ ಪಡೆಯಲು ಯುಪಿಐ ಪಿನ್ ಒತ್ತಬಾರದು. ಪಿನ್ ಬೇಕಾಗುವುದು ಹಣ ಹೋಗುವಾಗ ಮಾತ್ರ, ಬರುವಾಗ ಎಂದೂ ಅಲ್ಲ. ಸೈನ್ಯದಲ್ಲಿದ್ದೇನೆ, ನಮ್ಮ ಪದ್ಧತಿಯೇ ಬೇರೆ ಎಂದವನಿಗೂ ಇದೇ ಉತ್ತರ.

ಹಣ ಕಳಿಸಿದ ಸ್ಕ್ರೀನ್‌ಶಾಟ್ ನಂಬುವುದು ಬೇಡ.

ಫೋನಿಗೆ ಬಂದ ಎಸ್ಸೆಮ್ಮೆಸ್ ಒಂದನ್ನೇ ನಂಬುವುದೂ ಬೇಡ.

ಹೇಳಿದ ಬೆಲೆಗಿಂತ ಹೆಚ್ಚಿನ ಚೆಕ್ ತೆಗೆದುಕೊಳ್ಳಬಾರದು. ಈ ಮೋಸ ಹೀಗೆ ನಡೆಯುತ್ತದೆ: ‘ಹೆಂಡತಿಗೆ ನಿಮ್ಮ ಚಿತ್ರ ಬಹಳ ಹಿಡಿಸಿದೆ, ಮದುವೆಯ ದಿನಕ್ಕೆ ಉಡುಗೊರೆ ಕೊಡಬೇಕು’ ಎಂದು ಮೇಲ್ ಬರುತ್ತದೆ. ಚೌಕಾಶಿ ಇಲ್ಲ. 40,000 ರೂಪಾಯಿಯ ಚಿತ್ರಕ್ಕೆ 90,000ದ ಚೆಕ್ ಬರುತ್ತದೆ. ಬರೆಯುವಾಗ ತಪ್ಪಾಯಿತು, ಹೆಚ್ಚಿನದನ್ನು ಸಾಗಾಟದವನಿಗೆ ಕೂಡಲೇ ಹಾಕಿ ಎನ್ನುತ್ತಾರೆ. ಚೆಕ್ಕಿನ ಹಣ ಖಾತೆಯಲ್ಲಿ ಕಾಣಿಸಿಕೊಂಡರೂ ವಾರಗಳ ಮೇಲೆ ಅದು ನಕಲಿ ಎಂದು ಗೊತ್ತಾಗಿ ಬ್ಯಾಂಕ್ ವಾಪಸು ತೆಗೆಯಬಹುದು. ನೀವು ಹಾಕಿದ 50,000 ನಿಮ್ಮ ಸ್ವಂತ ದುಡ್ಡು. ಸಾಗಾಟದವನೂ ಆ ಮೋಸಗಾರನೇ.

ಗಿರಾಕಿ ಗೊತ್ತುಮಾಡಿದ ಸಾಗಾಟದವನಿಗೆ ನಿಮ್ಮ ಕೈಯಿಂದ ಹಣ ಕೊಡಬಾರದು.

ಗಿರಾಕಿ ಕಳಿಸಿದ ಲಿಂಕ್ ಒತ್ತುವುದು ಬೇಡ.

ಅವನು ಹೇಳಿದ ಆ್ಯಪ್ ಹಾಕಿಕೊಳ್ಳುವುದು ಬೇಡ.

ಎನ್‌ಎಫ್‌ಟಿ (ಡಿಜಿಟಲ್ ಒಡೆತನದ ಟೋಕನ್) ಮಾಡಿ ಲಕ್ಷಗಟ್ಟಲೆಗೆ ಕೊಳ್ಳುತ್ತೇನೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದರೆ ಕಟ್ಟಬಾರದು.

ಪ್ರದರ್ಶನಕ್ಕೆ, ಪ್ರಶಸ್ತಿಗೆ, ಪುಸ್ತಕದಲ್ಲಿ ಪುಟಕ್ಕೆ ದುಡ್ಡು ಕೇಳುವ ದೂರದ ಗ್ಯಾಲರಿಗೆ ಒಪ್ಪಬಾರದು. ಅಂಥವರ ಸಂಪಾದನೆ ಕಲಾವಿದರಿಂದ, ಕೊಳ್ಳುವವರಿಂದ ಅಲ್ಲ. ಚಿತ್ರ ಮಾರುವ ಗರಜು ಅವರಿಗಿಲ್ಲ.

ಇಂದೇ ಬೇಕು, ಈ ಗಂಟೆಯೇ ಬೇಕು ಎಂಬ ಅವಸರಕ್ಕೆ ಬಗ್ಗುವುದು ಬೇಡ.

ಮಾತಿನ ಮೇಲೆ ಕೃತಿ ಕೊಡುವುದು ಬೇಡ. ಪರಿಚಯದವರ ಪರಿಚಯ, ಮುಂಬೈಯಲ್ಲಿರುವ ಊರಿನವರೇ ಎಂದರೂ ಬೇಡ. ಬರಹ ಕೇಳಿದರೆ ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಎಲ್ಲ ಒಳ್ಳೆಯ ಕೃತಿಗಳನ್ನೂ ಒಂದೇ ಗ್ಯಾಲರಿಗೆ ಕಳಿಸುವುದು ಬೇಡ.

ಕಸ್ಟಮ್ಸ್ ಕಾಗದದಲ್ಲಿ ಬೆಲೆ ಇಳಿಸಿ ಬರೆಯಬಾರದು. ಕಳೆದುಹೋದರೆ ವಿಮೆಯೂ ಅಷ್ಟೇ ಸಿಗುತ್ತದೆ.

ದಂತ, ನವಿಲುಗರಿ ಸೇರಿದ ಕೃತಿಯನ್ನು ವಿದೇಶಕ್ಕೆ ಕಳಿಸಬಾರದು.

ಬೀಟೆ ಮರದ ಕೆತ್ತನೆಯನ್ನು ಮೂಲದ ಕಾಗದವಿಲ್ಲದೆ ಕಳಿಸಬಾರದು.

ಕೆ. ಕೆ. ಹೆಬ್ಬಾರರ ಚಿತ್ರ ನಕಲು ಮಾಡಿ ಮಾರಬಾರದು. ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಅವರು ನಮ್ಮವರೇ, ಆದರೆ ಹಕ್ಕು ನಮ್ಮದಲ್ಲ. ಅವರು ತೀರಿಕೊಂಡದ್ದು 1996ರಲ್ಲಿ. ಅಲ್ಲಿಂದ 60 ವರ್ಷ, ಅಂದರೆ 2056ರ ಕೊನೆಯವರೆಗೆ ಕೃತಿಸ್ವಾಮ್ಯ ಇರುತ್ತದೆ. ಅವರ ಸಹಿಯನ್ನೂ ಹಾಕಿ ಮಾರಿದರೆ ಅದು ನೇರ ವಂಚನೆ.

ಗರಡಿಯ, ದೈವಸ್ಥಾನದ, ಗುತ್ತಿನ ಮನೆಯ ಹಳೆಯ ಮೊಗ, ಕಂಚಿನ ಮೂರ್ತಿ, ತಾಳೆಗರಿಗಳನ್ನು ಮಾರಾಟಕ್ಕೆ ಇಡಬಾರದು. ದೂರದ ಗಿರಾಕಿ ಮೊದಲು ನಿಮ್ಮ ಹೊಸ ಕೆತ್ತನೆಯನ್ನು ಹೊಗಳುತ್ತಾನೆ, ಆಮೇಲೆ ‘ಹಳೆಯದು ಏನಾದರೂ ಇದೆಯೇ’ ಎಂದು ಕೇಳುತ್ತಾನೆ. ಮಾತು ಅಲ್ಲಿಗೆ ನಿಲ್ಲಿಸಿ. 100 ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ 1972ರ ಪುರಾತನ ವಸ್ತುಗಳ ಕಾಯ್ದೆಗೆ ಒಳಪಡುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ವಿದೇಶಕ್ಕೆ ಸಾಗಿಸಿದರೆ 6 ತಿಂಗಳಿಗೆ ಕಡಿಮೆಯಿಲ್ಲದಂತೆ 3 ವರ್ಷದವರೆಗೆ ಜೈಲು. ಮೊಗ ಒಮ್ಮೆ ಕಡಲು ದಾಟಿದರೆ ಅದನ್ನು ನಂಬಿದ ಊರಿಗೆ ಇನ್ನೊಂದನ್ನು ಯಾರೂ ಕೊಡಲಾರರು.

ಮೋಸ ಆಗಿಹೋಗಿದ್ದರೆ

ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಇರುವಾಗಲೇ ತಡೆಯಲು ಸಾಧ್ಯ. ಮನೆಯವರಿಗೆ ಹೇಳುವುದು ಆಮೇಲೆ ಆಗಲಿ.

ಬ್ಯಾಂಕಿಗೆ ಫೋನ್ ಮಾಡಿ ಖಾತೆ ತಡೆಹಿಡಿಸಿ.

ಉಡುಪಿಯ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ.

ಕೃತಿ ಇನ್ನೂ ದಾರಿಯಲ್ಲಿದ್ದರೆ ಕೊರಿಯರ್‌ನವರಿಗೆ ಬರೆದು ವಾಪಸು ತರಿಸಿ.

ವಾಟ್ಸಾಪ್ ಸಂಭಾಷಣೆ, ಮೇಲ್, ರಸೀದಿ ಯಾವುದನ್ನೂ ಅಳಿಸುವುದು ಬೇಡ.

ಮೋಸಗಾರನೊಂದಿಗೆ ಜಗಳ ತೆಗೆಯುವುದು ಬೇಡ. ಎಚ್ಚರಗೊಂಡರೆ ಖಾತೆ ಖಾಲಿ ಮಾಡುತ್ತಾನೆ.

ನಾಚಿಕೊಂಡು ಸುಮ್ಮನಿರುವುದು ಬೇಡ. ಅದೇ ಮೇಲ್ ಇವತ್ತು ಪಕ್ಕದ ಊರಿನ ಕಲಾವಿದರಿಗೂ ಹೋಗಿರುತ್ತದೆ.

ಹೋದ ಹಣ ವಾಪಸು ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಕೆಲವು ದಿನಗಳ ಮೇಲೆ ಕರೆ ಬಂದರೆ ಒಂದು ರೂಪಾಯಿಯನ್ನೂ ಕೊಡಬಾರದು.